ಮೆಲ್ಲಗೆ ಓಡುವಾಗ ನಡುಗುವ ಇಂಜಿನ್

(ತೋಟದ ಕಾರ್ಮಿಕ ಕುಟುಂಬಗಳ ಸಂಜೆ ಕೂಟದಲ್ಲಿ ಆಡಿದ ಮಾತುಗಳು)



ದಿನವಿಡೀ ದುಡಿದು, ಕೈಕಾಲು ತೊಳೆದುಕೊಂಡು, ಮಕ್ಕಳನ್ನೂ ಕರೆದುಕೊಂಡು ಬಂದು ಕುಳಿತಿದ್ದೀರಿ. ನಿಮ್ಮ ಹೊತ್ತನ್ನು ನಾವು ಹಾಳುಮಾಡಬಾರದು. ಇವತ್ತು ನಾವು ಮಾತಾಡಲಿರುವುದು ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಇಂಜಿನಿನ ವಿಷಯ. ಹಳೆಯ ಇಂಜಿನ್ ಮೆಲ್ಲಗೆ ಓಡುವಾಗ ಏಕೆ ನಡುಗುತ್ತದೆ, ಏಕೆ ಸಾಯುತ್ತದೆ, ಅದನ್ನು ಸರಿಮಾಡುವುದು ಹೇಗೆ ಎಂಬುದಷ್ಟೇ.

ತೋಟದವರಿಗೆ ದೋಣಿಯ ಇಂಜಿನ್ ಏತಕ್ಕೆ ಎಂದು ನೀವು ಕೇಳಬಹುದು. ನಾವಿಬ್ಬರೂ ಕಾಸರಗೋಡಿನ ಮೂಡು ಭಾಗದ ರಬ್ಬರ್ ತೋಟದ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವರು. ತೋಟದಲ್ಲಿ ಔಷಧಿ ಹೊಡೆಯುವ ಮಿಷನ್ ಬಿಚ್ಚಿ ಕಟ್ಟಿ ಕೈ ಪಳಗಿತು. ಅದೇ ಕೈಗೆ ಮುಂದೆ ಕಡಲ ಕರೆಯಲ್ಲಿ ದೋಣಿಯ ಇಂಜಿನ್ ರಿಪೇರಿಯ ಕೆಲಸ ಸಿಕ್ಕಿತು. ನಿಮ್ಮ ಮಕ್ಕಳಲ್ಲಿಯೂ ಕೆಲವರು ಘಟ್ಟ ಇಳಿದು ಕಡಲ ಕಡೆ ಕೆಲಸಕ್ಕೆ ಬರುತ್ತಿದ್ದಾರೆ. ಬಾರದಿದ್ದವರಿಗೂ ಈ ಮಾತು ಉಪಯೋಗಕ್ಕೆ ಬಂದೀತು. ಬೆನ್ನಿಗೆ ಕಟ್ಟುವ ಔಷಧಿ ಮಿಷನ್, ಹುಲ್ಲು ಕತ್ತರಿಸುವ ಮಿಷನ್, ದೋಣಿಯ ಹಳೆಯ ಇಂಜಿನ್, ಇವೆಲ್ಲ ಹೆಚ್ಚಾಗಿ ಟೂ ಸ್ಟ್ರೋಕ್ ಜಾತಿಯವು. ಗಾತ್ರ ಬೇರೆ, ಒಳಗಿನ ತತ್ತ್ವ ಒಂದೇ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಎರಡು ಸಿಲಿಂಡರಿನ ಹಳೆಯ ಇಂಜಿನ್ ಒಂದು ನಮ್ಮ ಶೆಡ್ಡಿಗೆ ಬಂತು. ಜೋರಾಗಿ ಬಿಟ್ಟರೆ ಚೆನ್ನಾಗಿ ಓಡುತ್ತದೆ, ಮೆಲ್ಲಗೆ ಬಿಟ್ಟರೆ ಮೈಯೆಲ್ಲ ನಡುಗಿ ನಿಂತುಬಿಡುತ್ತದೆ. ಮರುದಿನ ನಸುಕಿಗೆ ದೋಣಿ ಹೊರಡಬೇಕು. ಕತ್ತಲಾಗಿತ್ತು, ನಮಗೂ ಆಯಾಸ. ಕಾರ್ಬುರೇಟರನ್ನು ಬಿಚ್ಚಿ ನೋಡಬೇಕಿತ್ತು, ನೋಡಲಿಲ್ಲ. ವೇಗದ ಸ್ಕ್ರೂವನ್ನು ಎರಡು ಸುತ್ತು ಒಳಗೆ ತಿರುಗಿಸಿ ಐಡ್ಲಿಂಗ್ ವೇಗವನ್ನೇ ಏರಿಸಿಬಿಟ್ಟೆವು. ನಡುಕ ಮಾಯವಾಯಿತು, ಇಂಜಿನ್ ನಿಲ್ಲಲೂ ಇಲ್ಲ. ದೋಣಿಯವರಿಗೆ ಸಂತೋಷ, ನಮಗೆ ಕೂಲಿ. ದೋಣಿಯಲ್ಲಿ ಹಗ್ಗ ಹಿಡಿಯುವ ಹುಡುಗ ಮಾತ್ರ, "ಅಣ್ಣಾ, ಇದು ನಿಂತಲ್ಲೇ ಇಷ್ಟು ಜೋರು ಓಡಿದರೆ ಗೇರು ಹಾಕುವುದು ಹೇಗೆ?" ಎಂದು ಕೇಳಿದ. "ಅಭ್ಯಾಸವಾಗುತ್ತದೆ, ಹೋಗು" ಎಂದೆವು.

ಮರುದಿನ ಮಧ್ಯಾಹ್ನ ದೋಣಿ ಮೀನು ತುಂಬಿಕೊಂಡು ಅಳಿವೆ ದಾಟಿ ಒಳಗೆ ಬಂತು. ದಕ್ಕೆಯ ಹತ್ತಿರ ನ್ಯೂಟ್ರಲಿನಲ್ಲಿದ್ದ ಇಂಜಿನಿಗೆ ಗೇರು ಹಾಕಿದಾಗ ದೋಣಿ ಗಕ್ಕನೆ ಮುಂದಕ್ಕೆ ನೆಗೆಯಿತು. ಮುಂದೆ ಹಗ್ಗ ಹಿಡಿದು ನಿಂತಿದ್ದ ಹುಡುಗ ಬಿದ್ದ. ದೋಣಿಗೂ ದಕ್ಕೆಯ ಕಲ್ಲಿಗೂ ನಡುವೆ ಅವನ ಕೈ ಸಿಕ್ಕಿಕೊಂಡಿತು. ಮೂಳೆ ಮುರಿಯಿತು. ಮೂರು ತಿಂಗಳು ಅವನಿಗೆ ಕೆಲಸವಿಲ್ಲ. ಕೆಲಸವಿಲ್ಲದ ಮನೆ ಹೇಗಿರುತ್ತದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಆಮೇಲೆ ಆ ಇಂಜಿನಿನ ಕಾರ್ಬುರೇಟರನ್ನು ಬಿಚ್ಚಿದೆವು. ಸ್ಲೋ ಜೆಟ್ಟಿನ ತೂತಿನಲ್ಲಿ ಹಳೆಯ ಎಣ್ಣೆ ಒಣಗಿ ಅಂಟಾಗಿ ಕೂತಿತ್ತು. ಅದನ್ನು ತೆಗೆಯಲು ಒಂದು ಗಂಟೆಯೂ ಬೇಕಾಗಲಿಲ್ಲ. ಆ ಒಂದು ಗಂಟೆಯನ್ನು ಹಿಂದಿನ ಸಂಜೆ ಕೊಡಲಿಲ್ಲವಲ್ಲ ಎಂಬ ನೋವು ಇಂದಿಗೂ ಉಂಟು. ಆದುದರಿಂದ ಇಂದಿನ ಮಾತಿನ ಸಾರ ಇಷ್ಟೇ: ಇಂಜಿನಿನ ನಡುಕವನ್ನು ವೇಗ ಏರಿಸಿ ಮುಚ್ಚಬೇಡಿ, ಕಾರಣವನ್ನು ಹುಡುಕಿ.

ಮೆಲ್ಲಗೆ ಓಡುವುದೆಂದರೇನು?

ಕೇರಳದ ಕರಾವಳಿಯ ನಾಡದೋಣಿಗಳಿಗೆ ಔಟ್‌ಬೋರ್ಡ್ ಇಂಜಿನ್ ಹೆಚ್ಚಾಗಿ ಬಂದದ್ದು 1980ರ ದಶಕದ ಆರಂಭದಿಂದ ಈಚೆಗೆ. ಅದಕ್ಕೆ ಮೊದಲು ಹುಟ್ಟು ಮತ್ತು ಹಾಯಿಯೇ ಗತಿ. ಈ ಇಂಜಿನುಗಳು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 5000 ಸುತ್ತು ತಿರುಗುತ್ತವೆ. ಐಡ್ಲಿಂಗಿನಲ್ಲಿ ತಿರುಗುವುದು ಸುಮಾರು 700ರಿಂದ 900 ಸುತ್ತು ಮಾತ್ರ. ಬಲೆ ಎಳೆಯುವಾಗ, ದಕ್ಕೆಗೆ ಬರುವಾಗ, ಅಳಿವೆಯ ಹೊರಗೆ ನಿಂತು ದೊಡ್ಡ ತೆರೆ ಹೋಗಲಿ ಎಂದು ಕಾಯುವಾಗ ಈ ಮೆಲ್ಲನೆಯ ಓಟವೇ ಬೇಕು. ತೆರೆಯ ಬಾಯಲ್ಲಿ ಇಂಜಿನ್ ಸತ್ತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ತೆರೆ ಮಗುಚಿಹಾಕುತ್ತದೆ. ಹಗ್ಗ ಎಳೆದು ಮತ್ತೆ ಸ್ಟಾರ್ಟ್ ಮಾಡುವಷ್ಟು ಹೊತ್ತು ಕಡಲು ಕೊಡುವುದಿಲ್ಲ.

ಕಾರ್ಬುರೇಟರ್ ಎಂದರೆ ಗಾಳಿಗೆ ಎಣ್ಣೆ ಬೆರೆಸುವ ಪಾತ್ರೆ ಎಂದುಕೊಳ್ಳಿ. ಅದರ ಕೆಳಗೆ ಒಂದು ಬಟ್ಟಲು. ಬಟ್ಟಲಿನಲ್ಲಿ ತೇಲುವ ಒಂದು ಬುರುಡೆ, ಅದಕ್ಕೆ ಫ್ಲೋಟ್ ಎನ್ನುತ್ತಾರೆ. ಎಣ್ಣೆ ತುಂಬಿದಾಗ ಫ್ಲೋಟ್ ಮೇಲೇರಿ ಒಂದು ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಎಣ್ಣೆ ಇಳಿದಾಗ ದಾರಿ ತೆರೆಯುತ್ತದೆ. ಬಟ್ಟಲಿನಿಂದ ಎಣ್ಣೆ ಮೇಲೇರಲು ಎರಡು ದಾರಿ. ಜೋರು ಓಟಕ್ಕೆ ದೊಡ್ಡ ತೂತಿನ ಮೇನ್ ಜೆಟ್, ಮೆಲ್ಲನೆಯ ಓಟಕ್ಕೆ ಕೂದಲೆಳೆಯಂಥ ತೂತಿನ ಸ್ಲೋ ಜೆಟ್. ಐಡ್ಲಿಂಗಿನಲ್ಲಿ ಗಾಳಿಯ ತಗಡು ಬಹುತೇಕ ಮುಚ್ಚಿರುತ್ತದೆ. ಆಗ ಮೇನ್ ಜೆಟ್ಟಿನಿಂದ ಎಣ್ಣೆ ಬರುವುದಿಲ್ಲ. ಇಡೀ ಇಂಜಿನಿನ ಉಸಿರು ಆ ಸಣ್ಣ ತೂತಿನಲ್ಲಿ ಇರುತ್ತದೆ. ಜೋರಾಗಿ ಚೆನ್ನಾಗಿ ಓಡುವ ಇಂಜಿನ್ ಮೆಲ್ಲಗೆ ಮಾತ್ರ ಏಕೆ ಸಾಯುತ್ತದೆ ಎಂಬುದಕ್ಕೆ ಉತ್ತರ ಹೆಚ್ಚಿನ ಸಲ ಇಲ್ಲೇ ಉಂಟು.

ತಾಯಂದಿರಿಗೆ ಹಳೆಯ ಪಂಪ್ ಸ್ಟವ್ ನೆನಪಿರಬಹುದು. ಅದರ ನಿಪ್ಪಲ್ ಕಟ್ಟಿಕೊಂಡರೆ ಉರಿ ಪುಕಪುಕ ಅನ್ನುತ್ತದೆ. ಎಷ್ಟು ಪಂಪ್ ಹೊಡೆದರೂ ಪ್ರಯೋಜನವಿಲ್ಲ, ನಿಪ್ಪಲ್ ಬಿಡಿಸಲೇಬೇಕು. ಇಲ್ಲಿಯೂ ಹಾಗೆಯೇ.

ಬಿಚ್ಚುವ ಮೊದಲು

ನಡುಕಕ್ಕೆಲ್ಲ ಕಾರ್ಬುರೇಟರೇ ಕಾರಣವಲ್ಲ. ಸ್ಪ್ಯಾನರು ಹಿಡಿಯುವ ಮೊದಲು ನಾವು ಐದು ಸಂಗತಿ ನೋಡುತ್ತೇವೆ.

ಒಂದು, ಪ್ಲಗ್. ಸ್ವಲ್ಪ ಹೊತ್ತು ಮೆಲ್ಲಗೆ ಓಡಿಸಿ ನಿಲ್ಲಿಸಿ, ಎರಡು ಪ್ಲಗ್ಗುಗಳನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿ ಇಡಿ. ಕಂದು ಬಣ್ಣವಿದ್ದರೆ ಆ ಸಿಲಿಂಡರ್ ಸರಿಯಾಗಿ ಉರಿಯುತ್ತಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಉರಿಯುತ್ತಿಲ್ಲ. ಎರಡು ಸಿಲಿಂಡರಿಗೂ ಒಂದೇ ಕಾರ್ಬುರೇಟರ್ ಇದ್ದು, ಒಂದು ಪ್ಲಗ್ ಮಾತ್ರ ಒದ್ದೆ ಎಂದಾದರೆ ತಪ್ಪು ಬಹುಶಃ ಕಾರ್ಬುರೇಟರಿನದಲ್ಲ. ಪ್ಲಗ್, ಅದರ ವಯರು, ಕಾಯಿಲ್ ಇವನ್ನು ನೋಡಿ.

ಎರಡು, ಕಂಪ್ರೆಷನ್. ಪ್ಲಗ್ಗುಗಳು ಹೊರಗಿರುವಾಗ, ಅವುಗಳ ವಯರುಗಳನ್ನು ಇಂಜಿನಿನ ಲೋಹಕ್ಕೆ ತಾಗಿಸಿ ಕಟ್ಟಿ, ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಗ್ಗ ಎಳೆಯಿರಿ. ಎರಡು ಕಡೆಯೂ ಗಾಳಿ ಬೆರಳನ್ನು ಒಂದೇ ಬಿರುಸಿನಿಂದ ತಳ್ಳಬೇಕು. ಒಂದು ಕಡೆ ಬಲವೇ ಇಲ್ಲದಿದ್ದರೆ ಪಿಸ್ಟನ್ನಿನ ರಿಂಗು ಸವೆದಿರಬಹುದು. ಅದನ್ನು ಯಾವ ಜೆಟ್ಟೂ ಸರಿಮಾಡದು.

ಮೂರು, ಎಣ್ಣೆ. ಬಟ್ಟಲಿನಿಂದ ಸ್ವಲ್ಪ ಎಣ್ಣೆಯನ್ನು ಗಾಜಿನ ಬಾಟಲಿಗೆ ಬಿಟ್ಟು ನಿಲ್ಲಿಸಿ ನೋಡಿ. ಅಡಿಯಲ್ಲಿ ನೀರು ಬೇರೆಯಾಗಿ ನಿಂತರೆ ಟ್ಯಾಂಕನ್ನೇ ತೊಳೆಯಬೇಕು.

ನಾಲ್ಕು, ಎಣ್ಣೆ ಬರುವ ದಾರಿ. ಟ್ಯಾಂಕಿನ ಮುಚ್ಚಳದ ಗಾಳಿಯ ತೂತು ತೆರೆದಿದೆಯೇ? ಪೈಪು ಎಲ್ಲಾದರೂ ಮಡಚಿಕೊಂಡಿದೆಯೇ? ಇಂಜಿನ್ ನಡುಗುತ್ತಿರುವಾಗ ಪೈಪಿನ ನಡುವಿರುವ ರಬ್ಬರ್ ಉಂಡೆಯನ್ನು ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಓಟ ಸರಿಯಾದರೆ ಎಣ್ಣೆ ಸಾಲದೆ ಇದೆ ಎಂದರ್ಥ. ಆಗ ಎಣ್ಣೆ ಪಂಪಿನ ಪೊರೆ ಹರಿದಿದೆಯೇ, ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ಒತ್ತಿದಾಗ ಇನ್ನೂ ಕೆಟ್ಟರೆ ಎಣ್ಣೆ ಮೊದಲೇ ಹೆಚ್ಚಾಗಿದೆ. ಆಗ ಫ್ಲೋಟಿನ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲವೆಂದು ಸಂಶಯಪಡಬೇಕು.

ಐದು, ಗಾಳಿ ಸೋರುವುದು. ಕಾರ್ಬುರೇಟರಿಗೂ ಇಂಜಿನಿಗೂ ನಡುವಿನ ಪ್ಯಾಕಿಂಗ್ ಹಳತಾಗಿ ಬಿರಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣವನ್ನು ಕೆಡಿಸುತ್ತದೆ. ಮೊದಲು ಅಲ್ಲಿನ ನಟ್ಟುಗಳನ್ನು ಬಿಗಿಮಾಡಿ ನೋಡಿ. ಆಮೇಲೆ ಎರಡು ಹನಿ ದಪ್ಪ ಇಂಜಿನ್ ಎಣ್ಣೆಯನ್ನು ಆ ಸಂದಿಗೆ ಹಚ್ಚಿ. ಓಟ ಒಂದು ಗಳಿಗೆ ಬದಲಾದರೆ ಪ್ಯಾಕಿಂಗ್ ಬದಲಿಸಬೇಕು. ಇದಕ್ಕೆ ಪೆಟ್ರೋಲನ್ನು ಮಾತ್ರ ಚಿಮುಕಿಸಬೇಡಿ, ಬೆಂಕಿ ಹತ್ತುತ್ತದೆ.

ಬಿಚ್ಚಿ ತೊಳೆಯುವುದು

ಈ ಐದೂ ಸರಿಯಿದ್ದ ಮೇಲೆಯೇ ಕಾರ್ಬುರೇಟರಿಗೆ ಕೈಹಾಕುವುದು. ಬಯಲಿನಲ್ಲಿ, ಗಾಳಿಯಾಡುವಲ್ಲಿ ಕುಳಿತುಕೊಳ್ಳಿ. ಬೀಡಿ, ಚಿಮಿಣಿ ದೀಪ, ಒಲೆ ಯಾವುದೂ ಹತ್ತಿರವಿರಬಾರದು. ಕೆಳಗೆ ಒಂದು ಬಿಳಿ ಬಟ್ಟೆ ಹಾಸಿ. ಸಣ್ಣ ವಾಷರು ಮರಳಿಗೆ ಬಿದ್ದರೆ ಮತ್ತೆ ಸಿಗದು.

ಮಿಶ್ರಣದ ಸ್ಕ್ರೂವನ್ನು ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಒಳಗೆ ತಿರುಗಿಸುತ್ತ, ತಳ ಮುಟ್ಟುವವರೆಗೆ ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಡಿ. ಹಳೆಯ ಇಂಜಿನುಗಳಲ್ಲಿ ಅದು ಹೆಚ್ಚಾಗಿ ಒಂದರಿಂದ ಎರಡು ಸುತ್ತಿನೊಳಗೆ ಇರುತ್ತದೆ. ತಳ ಮುಟ್ಟಿದ ಮೇಲೆ ಬಿಗಿಯಬೇಡಿ. ಬಿಗಿದರೆ ಅದರ ಚೂಪು ತುದಿ ಗಾಯಗೊಂಡು ಆ ಕಾರ್ಬುರೇಟರ್ ಮತ್ತೆಂದೂ ಸರಿಯಾಗಿ ನಿಲ್ಲದು.

ಬಟ್ಟಲು ಬಿಚ್ಚಿದಾಗ ಅದರ ತಳವನ್ನು ನೋಡಿ. ಕಂದು ಅಂಟು ಇದ್ದರೆ ಹಳೆಯ ಎಣ್ಣೆ ಒಣಗಿದೆ. ಬಿಳಿ ಪುಡಿ ಇದ್ದರೆ ನೀರು ನಿಂತು ಲೋಹ ತಿಂದಿದೆ. ಕಪ್ಪು ಚೂರು ಇದ್ದರೆ ರಬ್ಬರ್ ಪೈಪು ಒಳಗಿನಿಂದ ಕರಗುತ್ತಿದೆ. ಪೈಪು ಬದಲಿಸದೆ ಜೆಟ್ ತೊಳೆದರೆ ಎಂಟೇ ದಿನಕ್ಕೆ ಮತ್ತೆ ಅದೇ ಪಾಡು.

ಜೆಟ್ಟುಗಳು ಹಿತ್ತಾಳೆಯವು, ಮೆತ್ತಗಿರುತ್ತವೆ. ಅದರ ಗಾಡಿಗೆ ಸರಿಯಾಗಿ ಕೂರುವ ಸ್ಕ್ರೂ ಡ್ರೈವರನ್ನೇ ಹಿಡಿಯಿರಿ. ಫ್ಲೋಟ್, ಸೂಜಿ, ರಬ್ಬರ್ ವಾಷರುಗಳನ್ನು ಬೇರೆ ತೆಗೆದಿಟ್ಟು, ಲೋಹದ ಭಾಗಗಳನ್ನು ಮಾತ್ರ ಕಾರ್ಬುರೇಟರ್ ತೊಳೆಯುವ ದ್ರಾವಣದಲ್ಲಿ ನೆನೆಸಿ. ಆಮೇಲೆ ಪ್ರತಿಯೊಂದು ತೂತಿಗೂ ಗಾಳಿ ಊದಿ. ಸೈಕಲ್ ಪಂಪಾದರೂ ಆದೀತು. ಗಾಳಿಯ ತಗಡಿನ ಬಳಿ ಎರಡು ಮೂರು ಸಣ್ಣ ಸಣ್ಣ ತೂತುಗಳಿವೆ, ಅವೂ ಮೆಲ್ಲನೆಯ ಓಟಕ್ಕೆ ಸೇರಿದವು, ಮರೆಯಬೇಡಿ. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಾಗ ತೂತು ಗುಂಡಗೆ ಸ್ವಚ್ಛವಾಗಿ ಕಾಣಬೇಕು.

ಸ್ಟವ್ ಪಿನ್ನನ್ನು ಇಲ್ಲಿಗೆ ತರಬೇಡಿ. ಉಕ್ಕಿನ ತಂತಿ ಹಾಕಿ ತಿವಿದರೆ ಹಿತ್ತಾಳೆಯ ತೂತು ದೊಡ್ಡದಾಗುತ್ತದೆ, ಆಮೇಲೆ ಎಣ್ಣೆ ಎಂದೆಂದಿಗೂ ಹೆಚ್ಚು ಬರುತ್ತದೆ. ತೀರಾ ಬೇಕಾದರೆ ವಯರಿನ ಒಳಗಿನ ತಾಮ್ರದ ಒಂದೇ ಒಂದು ಎಳೆ ಸಾಕು.

ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ. ಒಳಗೆ ಎಣ್ಣೆಯ ಸದ್ದು ಕೇಳಿದರೆ ಅದು ತೂತಾಗಿದೆ. ಸೂಜಿಯ ತುದಿಯಲ್ಲಿ ಉಂಗುರದಂತೆ ಗೆರೆ ಬಿದ್ದಿದ್ದರೆ ಬದಲಿಸಿ. ಕಾರ್ಬುರೇಟರನ್ನು ತಲೆಕೆಳಗೆ ಹಿಡಿದಾಗ ಫ್ಲೋಟ್ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂಬುದು ಆಯಾ ಇಂಜಿನಿನ ಪುಸ್ತಕದಲ್ಲಿ ಇರುತ್ತದೆ. ಊಹೆಯಿಂದ ಬಗ್ಗಿಸಬೇಡಿ. ತಿರುಗಿ ಕಟ್ಟುವಾಗ ಹೊಸ ಪ್ಯಾಕಿಂಗ್ ಹಾಕಿ, ಮಿಶ್ರಣದ ಸ್ಕ್ರೂವನ್ನು ಮೊದಲು ಎಣಿಸಿಟ್ಟ ಸುತ್ತಿಗೇ ತನ್ನಿ.

ನೀರಿನಲ್ಲಿ ಹದ ಮಾಡುವುದು

ಔಟ್‌ಬೋರ್ಡ್ ಇಂಜಿನನ್ನು ನೀರಿಲ್ಲದೆ ಓಡಿಸಬಾರದು. ನೀರೆತ್ತುವ ರಬ್ಬರ್ ಚಕ್ರ ಒಣಗಿ ತಿರುಗಿದರೆ ಬಹಳ ಬೇಗ ಸುಟ್ಟುಹೋಗುತ್ತದೆ. ಶೆಡ್ಡಿನಲ್ಲಾದರೆ ಇಂಜಿನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ, ರೆಕ್ಕೆ ಕಳಚಿಟ್ಟು ಓಡಿಸುತ್ತೇವೆ. ಆದರೆ ಕೊನೆಯ ಹದವನ್ನು ದೋಣಿಯಲ್ಲೇ ಮಾಡಬೇಕು. ನೀರಿನಲ್ಲಿ, ಗೇರಿನಲ್ಲಿ, ರೆಕ್ಕೆ ನೀರನ್ನು ತಳ್ಳುತ್ತಿರುವಾಗ ಇಂಜಿನಿನ ಭಾರವೇ ಬೇರೆ. ದೋಣಿಯನ್ನು ಗಟ್ಟಿ ಕಂಬಕ್ಕೆ ಕಟ್ಟಿ. ರೆಕ್ಕೆಯ ಬಳಿ, ನೀರಿನಲ್ಲಿ ಯಾರೂ ಇರಬಾರದು.

ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಕಾಯಿರಿ. ಆಮೇಲೆ ಮಿಶ್ರಣದ ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ತಿರುಗಿಸಿ ಹದಿನೈದು ಸೆಕೆಂಡು ಕಾಯಿರಿ, ಕೇಳಿ. ಇಂಜಿನಿಗೆ ಸುದ್ದಿ ಮುಟ್ಟಲು ಅಷ್ಟು ಹೊತ್ತು ಬೇಕು. ಕಾರ್ಬುರೇಟರಿನ ಬಾಯಿಂದ ಸೀನಿದಂತೆ ಉಗುಳಿದರೆ ಎಣ್ಣೆ ಸಾಲದು. ಭಾರ ಹೊತ್ತವನಂತೆ ಮುಗ್ಗರಿಸಿ, ಹೊಗೆ ಕಕ್ಕಿ, ತಗ್ಗಿದರೆ ಎಣ್ಣೆ ಹೆಚ್ಚು. ಈ ಎರಡರ ನಡುವೆ ಓಟ ನಯವಾಗುವ ಜಾಗವನ್ನು ಹುಡುಕಿ, ಅಲ್ಲಿಂದ ಕೂದಲೆಳೆಯಷ್ಟು ಎಣ್ಣೆ ಹೆಚ್ಚಿನ ಕಡೆಗೇ ನಿಲ್ಲಿಸಿ. ಟೂ ಸ್ಟ್ರೋಕ್ ಇಂಜಿನಿಗೆ ಜಾರುವ ಎಣ್ಣೆಯೂ ಹೆಚ್ಚಾಗಿ ಪೆಟ್ರೋಲಿನ ಜತೆಯಲ್ಲೇ ಹೋಗುವುದರಿಂದ, ಎಣ್ಣೆ ಕಡಮೆಯಾದರೆ ಓಟ ಮಾತ್ರವಲ್ಲ, ಪಿಸ್ಟನ್ನೂ ಕೆಡುತ್ತದೆ.

ಒಂದು ಎಚ್ಚರ. ಕೆಲವು ಕಾರ್ಬುರೇಟರುಗಳಲ್ಲಿ ಈ ಸ್ಕ್ರೂ ಎಣ್ಣೆಯನ್ನು ತಡೆಯುತ್ತದೆ, ಒಳಗೆ ತಿರುಗಿಸಿದರೆ ಎಣ್ಣೆ ಕಡಮೆ. ಇನ್ನು ಕೆಲವುಗಳಲ್ಲಿ ಅದು ಗಾಳಿಯನ್ನು ತಡೆಯುತ್ತದೆ, ಒಳಗೆ ತಿರುಗಿಸಿದರೆ ಎಣ್ಣೆ ಹೆಚ್ಚು. ಯಾವುದೆಂದು ತಿಳಿಯುವವರೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಕಿವಿಯಿಂದ ಕಂಡುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ, ಎಲ್ಲಕ್ಕೂ ಕೊನೆಗೆ ವೇಗದ ಸ್ಕ್ರೂ. ನಾವು ಅಂದು ಮೊದಲು ಮುಟ್ಟಿದ್ದು ಅದನ್ನೇ, ಅದೇ ನಮ್ಮ ತಪ್ಪು. ಗೇರಿನಲ್ಲಿ ಇಂಜಿನ್ ಸಾಯದೆ, ಗೇರು ಹಾಕುವಾಗ ದೋಣಿ ನೆಗೆಯದೆ ಇರುವಷ್ಟು ವೇಗ ಸಾಕು. ಆಮೇಲೆ ಒಮ್ಮೆಗೇ ವೇಗ ಕೊಟ್ಟು ನೋಡಿ. ತಡವರಿಸಿದರೆ ಮಿಶ್ರಣಕ್ಕೆ ಇನ್ನು ಸ್ವಲ್ಪ ಎಣ್ಣೆ ಬೇಕು. ಅಳಿವೆಯಲ್ಲಿ ತೆರೆ ಬೆನ್ನಟ್ಟಿ ಬರುವಾಗ ಇಂಜಿನ್ ತಡವರಿಸಬಾರದು.

ಸೀಮೆಎಣ್ಣೆ ಮತ್ತು ಈಗಿನ ಪೆಟ್ರೋಲು

ನಮ್ಮ ಕರೆಯ ಎಷ್ಟೋ ಇಂಜಿನುಗಳನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಸೀಮೆಎಣ್ಣೆ ತಣ್ಣನೆಯ ಇಂಜಿನಿನಲ್ಲಿ ಬೇಗ ಆವಿಯಾಗುವುದಿಲ್ಲ. ಮೆಲ್ಲನೆಯ ಓಟದಲ್ಲಿ ಇಂಜಿನ್ ತಣಿಯುತ್ತದೆ, ಮಸಿ ಕಟ್ಟುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಆದುದರಿಂದ ಅಳಿವೆಗೆ ಬರುವ ಸ್ವಲ್ಪ ಮೊದಲೇ ಕಾಕನ್ನು ಪೆಟ್ರೋಲಿಗೆ ತಿರುಗಿಸಿ. ದಡಕ್ಕೆ ಬರುವಾಗ ಬಟ್ಟಲಿನಲ್ಲಿ ಪೆಟ್ರೋಲೇ ಇರಲಿ. ಓಟವೂ ಸುಗಮ, ಮರುದಿನ ಸ್ಟಾರ್ಟೂ ಸುಲಭ. ನಾಲ್ಕು ಕಾಸು ಉಳಿಸಲು ಇದನ್ನು ಬಿಡುವವರು ಉಂಟು, ಅದು ಉಳಿತಾಯವಲ್ಲ.

ಪೆಟ್ರೋಲೂ ಈಗ ಮೊದಲಿನಂತಿಲ್ಲ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲ್ ಎಂಬ ಸಾರಾಯಿಯ ಪಾಲು 2022ರಲ್ಲಿ ನೂರಕ್ಕೆ 10ಕ್ಕೆ, 2025ರಲ್ಲಿ ನೂರಕ್ಕೆ 20ಕ್ಕೆ ಮುಟ್ಟಿತು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಕಡಲ ಕರೆಯಲ್ಲಿಯೂ, ಮಳೆಗಾಲದ ಘಟ್ಟದಲ್ಲಿಯೂ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ನೀರು ಮಿತಿಮೀರಿದರೆ ಅದು ಎಥನಾಲಿನೊಡನೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪು ಎಳೆಯುವುದು ತಳದಿಂದಲೇ. ಆ ಪದರದಲ್ಲಿ ಜಾರುವ ಎಣ್ಣೆ ಇಲ್ಲದ್ದರಿಂದ ಇಂಜಿನಿಗೆ ಅದು ವಿಷ. ಹಳೆಯ ಕಾಲದ ರಬ್ಬರ್ ಪೈಪು, ಪಂಪಿನ ಪೊರೆ ಇವನ್ನೂ ಎಥನಾಲ್ ಮೆತ್ತಗೆ ಮಾಡುತ್ತದೆ. ಹಳೆಯ ಇಂಜಿನ್ ಇದ್ದವರು ಈಗಿನ ಪೆಟ್ರೋಲಿಗೆ ತಾಳುವ ಪೈಪನ್ನು ಹಾಕಿಸಿಕೊಳ್ಳಿ, ತಿಂಗಳುಗಟ್ಟಲೆ ಎಣ್ಣೆ ಕೂಡಿಡಬೇಡಿ.

ಕೆಲವು ದಿನ ಇಂಜಿನ್ ನಿಲ್ಲಿಸಿಡುವುದಾದರೆ ಬಟ್ಟಲನ್ನು ಖಾಲಿಮಾಡಿ. ಮಳೆ ಜೋರಾಗಿ ದೋಣಿ ದಡದಲ್ಲಿ ಕೂರುವ ದಿನಗಳಲ್ಲಿಯೇ ಜೆಟ್ಟುಗಳು ಅಂಟಿ ಹಿಡಿಯುವುದು. ನಿಮ್ಮ ತೋಟದ ಔಷಧಿ ಮಿಷನಿಗೂ ಇದೇ ಮಾತು. ಔಷಧಿ ಹೊಡೆಯುವ ಕಾಲ ಮುಗಿದ ದಿನವೇ ಟ್ಯಾಂಕು, ಬಟ್ಟಲು ಎರಡನ್ನೂ ಒಣಗಿಸಿಟ್ಟರೆ ಮುಂದಿನ ಸಲ ಹಗ್ಗ ಎಳೆದು ತೋಳು ಸೋಲುವುದಿಲ್ಲ.

ಕೊನೆಯ ಮಾತು

ಆ ಹುಡುಗನ ಕೈ ಕೂಡಿಕೊಂಡಿತು. ಆದರೆ ಪೂರ್ತಿ ನೆಟ್ಟಗಾಗಲಿಲ್ಲ. ಅವನು ಈಗ ನಮ್ಮ ಜತೆಯಲ್ಲೇ ಶೆಡ್ಡಿನಲ್ಲಿ ಇದ್ದಾನೆ. ಇಂಜಿನ್ ಬಂದಾಗ ಮೊದಲು ಅವನನ್ನೇ ಕರೆದು "ಕೇಳು, ಏನನ್ನುತ್ತದೆ?" ಎನ್ನುತ್ತೇವೆ. ಅವನ ಕಿವಿ ನಮಗಿಂತ ಚುರುಕು. ಅಂದೂ ಹಾಗೆಯೇ ಇತ್ತು. ಕೆಡುಕನ್ನು ಮೊದಲು ಕಂಡು ಹೇಳಿದವನು ಅವನು, ಅವನು ಚಿಕ್ಕವನೆಂದು ಕೇಳಿಸಿಕೊಳ್ಳದವರು ನಾವು.

ತೋಟದಲ್ಲಿಯೂ ಮಿಷನ್ ಹೊತ್ತು ನಡೆಯುವವನಿಗೆ ಅದರ ಕೆಡುಕು ಮೊದಲು ತಿಳಿಯುತ್ತದೆ. ಅವನು ಹೇಳಬೇಕು. ಮೇಸ್ತ್ರಿಯಾಗಲಿ ರೈಟರಾಗಲಿ ಮೆಕ್ಯಾನಿಕನಾಗಲಿ ಕೇಳಬೇಕು. "ಹೇಗೂ ಓಡುತ್ತದಲ್ಲ" ಎಂಬ ಮಾತಿಗೆ ಬೆಲೆ ತೆರುವವರು ಯಾವಾಗಲೂ ಹಗ್ಗ ಹಿಡಿದವರು, ಮಿಷನ್ ಹೊತ್ತವರು.

ಒಂದು ಹಳೆಯ ಕಾರ್ಬುರೇಟರನ್ನು ಚೀಲದಲ್ಲಿ ತಂದಿದ್ದೇವೆ. ಒಣಗಿಸಿ ತಂದದ್ದು, ಭಯವಿಲ್ಲ. ಹುಡುಗರೂ ಹುಡುಗಿಯರೂ ಹತ್ತಿರ ಬನ್ನಿ. ಸ್ಲೋ ಜೆಟ್ಟನ್ನು ಬಿಚ್ಚಿ ಕೈಗೆ ಕೊಡುತ್ತೇವೆ, ಒಬ್ಬೊಬ್ಬರಾಗಿ ದೀಪದ ಕಡೆ ಹಿಡಿದು ಆ ತೂತನ್ನು ನೋಡಿ. ನಮ್ಮ ಮಾತು ಇಷ್ಟೇ.